ಮಾತಾಡಬಾರದವರ ವಾಯ್ಸ್ ಮೆಸೇಜು

ಹಿತ್ತಲ ಮೆಟ್ಟಿಲ ಮೇಲೆ ಕೂತು ಅವರೆಕಾಳು ಹಿದುಕುತ್ತಿದ್ದೆ. ರಾತ್ರಿ ನೆನೆಹಾಕಿದ ಕಾಳು ಬೆಳಗಾಗುವುದರೊಳಗೆ ಉಬ್ಬಿರುತ್ತದೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಮೆಲ್ಲಗೆ ಒತ್ತಿದರೆ ಬೇಳೆ ಬೋಗುಣಿಗೆ ಹಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ನಮ್ಮ ಮಾಲೂರಿನ ಚಳಿಗೆ ಎಳೆಬಿಸಿಲಲ್ಲಿ ಬೆನ್ನು ಕಾಯಿಸಿಕೊಂಡು ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಕೈಗೆಲ್ಲ ಅವರೆಯ ಸೊಗಡು ಹತ್ತಿಕೊಂಡಿತ್ತು. ಆ ವಾಸನೆ ಸಂಕ್ರಾಂತಿ ಮುಗಿಯುವವರೆಗೂ ನಮ್ಮ ಮನೆಯ ಹೆಂಗಸರ ಬೆರಳು ಬಿಡುವುದಿಲ್ಲ.

ಕಿಟಕಿಯ ಮೇಲಿಟ್ಟಿದ್ದ ಫೋನು ಟಿಣ್ ಅಂದಿತು. ಕತ್ತು ಚಾಚಿ ನೋಡಿದೆ. ಶ್ರೀನಿವಾಸಪುರದಿಂದ, ನಮ್ಮ ವದಿನಮ್ಮನಿಂದ ಒಂದು ವಾಯ್ಸ್ ಮೆಸೇಜು. ನಲವತ್ತೇಳು ಸೆಕೆಂಡು.

ಇದರಲ್ಲಿ ಏನು ವಿಶೇಷ ಅಂತ ನೀವು ಕೇಳಬಹುದು. ವಿಶೇಷ ಇಷ್ಟೇ. ವದಿನಮ್ಮ ಮಾತಾಡುವ ಹಾಗಿಲ್ಲ. ದೀಪಾವಳಿ ಕಳೆದ ಮೇಲೆ ಅವರ ಗಂಟಲಿನ ಗಡ್ಡೆ ತೆಗೆದರು. ಅಂದಿನಿಂದ ಬಾಯಿ ತೆರೆದರೆ ಬರೀ ಗಾಳಿ ಬರುತ್ತದೆ. ದನಿ ತಾನಾಗಿ ಬರುವವರೆಗೆ ಪಿಸುಮಾತು ಕೂಡ ಆಡಿಸಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ. ಹಾಗಿದ್ದವರು ನಲವತ್ತೇಳು ಸೆಕೆಂಡು ಏನು ಹೇಳಿದ್ದಾರು?

ಎದ್ದು ಕೈ ತೊಳೆದು ಕೇಳಬಹುದಿತ್ತು. ನಲ್ಲಿ ಎರಡು ಮಾರು ದೂರದಲ್ಲಿತ್ತು. ಏಳಲಿಲ್ಲ. ಕೈ ಒದ್ದೆ, ಒದ್ದೆ ಬೆರಳಿಗೆ ಪರದೆ ಸ್ಪಂದಿಸುವುದಿಲ್ಲ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಭಯ. ಎಂಟು ದಿನದ ಹಿಂದೆ ನಾನು ಒಂದು ಕೆಲಸ ಮಾಡಿದ್ದೆ. ವದಿನಮ್ಮ ಹಾಕಿದ್ದ ಆಣೆಯನ್ನು ಮುರಿದಿದ್ದೆ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಬನ್ನಿ, ಕಾಳು ಇನ್ನೂ ಬೇಕಾದಷ್ಟಿದೆ.

ವದಿನಮ್ಮ ಅಂದರೆ ನನ್ನ ಗಂಡನ ದೊಡ್ಡಕ್ಕ. ನಮ್ಮ ಕಡೆ ಅರ್ಧ ಮನೆಗಳಲ್ಲಿ ಹೊಸ್ತಿಲಾಚೆ ಕನ್ನಡ, ಒಲೆಯ ಮುಂದೆ ತೆಲುಗು. ನನ್ನ ಅತ್ತೆಯ ಮನೆಯೂ ಅಂಥದ್ದೇ. ಹಾಗಾಗಿ ಮದುವೆಯಾಗಿ ಬಂದ ದಿನದಿಂದ ಅವರು ನನಗೆ ವದಿನಮ್ಮ, ನಾನು ಅವರಿಗೆ ಅಮ್ಮಾಯಿ. ಅಮ್ಮಾಯಿ ಅಂದರೆ ಹುಡುಗಿ. ನನಗೀಗ ಐವತ್ತೆರಡು, ಮಗಳಿಗೆ ಮದುವೆಯಾಗಿದೆ, ಮೊಣಕಾಲು ಮೆಟ್ಟಿಲು ಕಂಡರೆ ಮುನಿಯುತ್ತದೆ. ಆದರೂ ಅಮ್ಮಾಯಿ. ಈ ಲೋಕದಲ್ಲಿ ನನ್ನನ್ನು ಹುಡುಗಿ ಎಂದು ಕರೆಯುವವರು ಒಬ್ಬರಾದರೂ ಉಳಿದಿದ್ದಾರಲ್ಲ ಎಂದು ಸಂಜೆ ದೀಪ ಹಚ್ಚುವಾಗ ಎಷ್ಟೋ ಸಲ ನೆನೆದಿದ್ದೇನೆ. ದೀಪ ಹಚ್ಚುವಾಗ ಆ ದಿನ ಸಿಕ್ಕಿದ ಮೂರು ಒಳ್ಳೆಯದನ್ನು ಎಣಿಸುವುದು ನನ್ನ ಅಭ್ಯಾಸ. ದೊಡ್ಡದೇನೂ ಅಲ್ಲ. ಹಾಲು ಒಡೆಯಲಿಲ್ಲ, ಇವರ ನರಸಾಪುರದ ಕಂಪನಿ ಬಸ್ಸು ತಪ್ಪಲಿಲ್ಲ, ನಲ್ಲಿಯಲ್ಲಿ ನೀರು ಬಂತು, ಇಂಥವು. ಏನೂ ಸಿಗದ ದಿನ ವದಿನಮ್ಮನ ಮೆಸೇಜನ್ನು ಎಣಿಕೆಗೆ ಸೇರಿಸಿಕೊಳ್ಳುತ್ತಿದ್ದೆ.

ಅವರಿಗೆ ಓದು ಬರಹ ಬರುವುದಿಲ್ಲ. ಮಗ ದೊಡ್ಡ ಫೋನು ತಂದುಕೊಟ್ಟು, ಚರ್ಮದ ಕವರು ಹಾಕಿಸಿ, ಒಂದೇ ಒಂದು ವಿದ್ಯೆ ಕಲಿಸಿದ. ಈ ಮೈಕಿನ ಚಿತ್ರ ಒತ್ತು, ಮಾತಾಡು, ಬಿಡು. ಅವರು ಒತ್ತಿದರು, ಮಾತಾಡಿದರು. ಬಿಡುವುದು ಮಾತ್ರ ಅಷ್ಟು ಬೇಗ ಆಗುತ್ತಿರಲಿಲ್ಲ. ಮೂರು ನಿಮಿಷಕ್ಕೆ ಕಡಿಮೆ ಇದ್ದ ಮೆಸೇಜು ನಾನು ಕಂಡಿಲ್ಲ. ಪ್ರತಿಯೊಂದೂ ಹೀಗೇ ಶುರುವಾಗುತ್ತಿತ್ತು: “ಅಮ್ಮಾಯಿ, ಇದು ನಾನು.” ಆ ದನಿ ಅವರದಲ್ಲ, ಬೇರೆ ಯಾರದೋ ಎಂದು ನಾನು ತಿಳಿದುಕೊಂಡೇನೋ ಎಂಬ ಹಾಗೆ. ಮುಗಿಯುವುದೂ ಹೀಗೇ: “ಇಡ್ತೀನಮ್ಮಾ, ಎಷ್ಟೊತ್ತು ಅಂತ ಹಿಡ್ಕೊಂಡಿರ್ತೀಯ, ಕೈ ನೋಯುತ್ತೆ.” ನಾನು ಫೋನನ್ನು ಕಿಟಕಿಯ ಮೇಲಿಟ್ಟು ಪಾತ್ರೆ ಉಜ್ಜುತ್ತ ಕೇಳುತ್ತೇನೆ ಎಂದು ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಇವೆರಡರ ನಡುವೆ ಅವರ ಊರೆಲ್ಲ ಇರುತ್ತಿತ್ತು. ಕುಕ್ಕರಿನ ಸೀಟಿ, ಹೂವಿನವಳೊಂದಿಗೆ ಚೌಕಾಸಿ, ಮಾವಿನ ತೋಪಿನಲ್ಲಿ ಈ ವರ್ಷ ಹೂವು ನಿಂತಿತೋ ಉದುರಿತೋ, ಉಪ್ಪಿನಕಾಯಿಗೆ ಸಾಸಿವೆ ಎಷ್ಟು, ಮೆಂತ್ಯ ಎಷ್ಟು. ಆ ಅಳತೆಯನ್ನು ನಾನು ಎಂದೂ ಬರೆದಿಟ್ಟುಕೊಳ್ಳಲಿಲ್ಲ. ಪ್ರತಿ ವರ್ಷ ಹೊಸದಾಗಿ ಕೇಳುತ್ತಿದ್ದೆ. “ಹೋದ್ ವರ್ಷ ಹೇಳಿದ್ದು ಏನ್ಮಾಡ್ದೆ, ಉಪ್ಪಿನಕಾಯ್ ಜೊತೆ ತಿಂದುಬಿಟ್ಯಾ?” ಎಂದು ಬೈದು ಮತ್ತೆ ಮೊದಲಿಂದ ಹೇಳುತ್ತಿದ್ದರು. ಆ ಬೈಗುಳಕ್ಕಾಗಿಯೇ ಕೇಳುತ್ತಿದ್ದೆ ಎಂದರೆ ನೀವು ನಗಬಾರದು.

ಹೇಳಿದ್ದನ್ನು ನಾನು ಕಳೆದದ್ದೇನೂ ಇಲ್ಲ. ಎಲ್ಲವನ್ನೂ ಕೂಡಿಟ್ಟಿದ್ದೆ. ಮೊದಮೊದಲು ಕೂಡಿಡುವ ಬಗೆ ಗೊತ್ತಿರಲಿಲ್ಲ. ಮಗಳು ನಕ್ಷತ್ರ ಹಾಕುವುದನ್ನು ತೋರಿಸಿಕೊಟ್ಟಳು. ಮೆಸೇಜನ್ನು ಒತ್ತಿ ಹಿಡಿದರೆ ಮೇಲೊಂದು ನಕ್ಷತ್ರ ಬರುತ್ತದೆ, ಅದನ್ನು ಮುಟ್ಟಿದರೆ ಬೇಕಾದವು ಒಂದು ಕಡೆ ಸಿಗುತ್ತವೆ. ಬಹಳ ಚೆನ್ನಾಗಿತ್ತು. ಒಂದೇ ತಿಂಗಳಲ್ಲಿ ಎಲ್ಲದಕ್ಕೂ ನಕ್ಷತ್ರ ಹಾಕಿಬಿಟ್ಟೆ. ಯಾವುದರಲ್ಲಿ ಸಾಸಿವೆ, ಯಾವುದರಲ್ಲಿ ಹೂವಿನವಳು, ತಿಳಿಯುವ ಹಾಗೇ ಇಲ್ಲ. ಮಗಳು ತಲೆ ಚಚ್ಚಿಕೊಂಡು ಇನ್ನೊಂದು ಉಪಾಯ ಮಾಡಿದಳು. ನನ್ನನ್ನೂ ತನ್ನನ್ನೂ ಸೇರಿಸಿ ಒಂದು ಗುಂಪು ಮಾಡಿ, ತಾನು ಹೊರಗೆ ಹೋದಳು. ಒಳಗೆ ಉಳಿದದ್ದು ನಾನೊಬ್ಬಳೇ. ಅದಕ್ಕೆ ‘ಡಬ್ಬಿ’ ಎಂದು ಹೆಸರಿಟ್ಟೆ. ಬೇಕಾದ ಮೆಸೇಜನ್ನೆಲ್ಲ ಅಲ್ಲಿಗೆ ಕಳಿಸಿಕೊಳ್ಳುತ್ತೇನೆ.

ಆದರೆ ಡಬ್ಬಿಯಲ್ಲೂ ವಾಯ್ಸ್ ಮೆಸೇಜಿಗೆ ಹೆಸರು ಬರೆಯಲು ಜಾಗ ಇಲ್ಲ. ನನ್ನ ಅಡುಗೆಮನೆಯ ಡಬ್ಬಿಗಳ ಮೇಲೂ ಹೆಸರಿಲ್ಲ. ತಗ್ಗು ಬಿದ್ದದ್ದು ತೊಗರಿ, ಮುಚ್ಚಳ ಬಿಗಿಯಾದದ್ದು ಸಕ್ಕರೆ. ಗುರುತು ಸಾಕು. ಹಾಗೆಯೇ ಇಲ್ಲೂ ಗುರುತು ಹಾಕಿದೆ. ಒಂದೊಂದು ಮೆಸೇಜು ಇಡುವ ಮೊದಲು ಒಂದು ಫೋಟೋ ತೆಗೆದು ಅದರ ಮೇಲಿಡುವುದು. ಉಪ್ಪಿನಕಾಯಿ ಅಳತೆಗೆ ಜಾಡಿ. ಸೊಸೆಯ ಮೇಲಿನ ದೂರಿಗೆ ಮೆಣಸಿನಕಾಯಿ. ಅದೇ ಸೊಸೆ ಜ್ವರ ಬಂದಾಗ ಕಾಲು ಒತ್ತಿದಳು ಎಂದು ಹೊಗಳಿದ್ದಕ್ಕೆ ಬೆಲ್ಲದ ಅಚ್ಚು. ಮಗಳು ನೋಡಿ, “ಅಮ್ಮಾ, ಇದೇನು ಕಿರಾಣಿ ಅಂಗಡಿನಾ?” ಅಂದಳು. ನಗಲಿ ಬಿಡಿ. ಒಮ್ಮೆ ಫೋನಿನಲ್ಲಿ ಜಾಗ ಇಲ್ಲವೆಂದು ಇವರು ನಮಸ್ಕಾರದ ಹೂವಿನ ಚಿತ್ರಗಳನ್ನು ಅಳಿಸಲು ಕೂತು ವದಿನಮ್ಮನ ಮೆಸೇಜುಗಳನ್ನೂ ಗುಡಿಸಿಬಿಟ್ಟರು. ಎರಡು ದಿನ ನಮ್ಮ ಮನೆಯ ಸಾರಿಗೆ ಉಪ್ಪು ಬೀಳಲಿಲ್ಲ, ಅವರೂ ಕೇಳದೆ ಉಂಡರು. ಡಬ್ಬಿಯಲ್ಲಿದ್ದವು ಮಾತ್ರ ಉಳಿದಿದ್ದವು. ಆ ಸಂಜೆ ದೀಪದ ಮುಂದೆ ಎಣಿಸಿದ್ದು ಅದೊಂದನ್ನೇ.

ಹಾಗೆ ಉಳಿದವುಗಳಲ್ಲಿ ಒಂದು ನಾಲ್ಕು ನಿಮಿಷದ್ದು. ಅದರ ಮೇಲಿರುವುದು ಮುಚ್ಚಿದ ದೇವರಮನೆ ಬಾಗಿಲಿನ ಫೋಟೋ. ಮೂರು ವರ್ಷ ಅದನ್ನು ನಾನು ಯಾರಿಗೂ ಕೇಳಿಸಲಿಲ್ಲ.

ಅದನ್ನು ಹೇಳುವ ಮೊದಲು ತಂಬಿಟ್ಟಿನ ದೀಪದ ವಿಷಯ ಹೇಳಬೇಕು. ನನ್ನ ಅತ್ತೆಗೆ ಇಬ್ಬರು ಹೆಣ್ಣುಮಕ್ಕಳು, ಆಮೇಲೆ ನನ್ನ ಗಂಡ. ದೊಡ್ಡವರು ಶ್ರೀನಿವಾಸಪುರದ ಈ ವದಿನಮ್ಮ. ಚಿಕ್ಕವರು ಮುಳಬಾಗಿಲಿಗೆ ಕೊಟ್ಟ ಚಿನ್ನಕ್ಕ. ಇಬ್ಬರೂ ಎಳವೆಯಲ್ಲಿ ಒಟ್ಟಿಗೆ ಜ್ವರ ಬಂದು ಮಲಗಿದಾಗ ಅತ್ತೆ ಮನೆದೇವರು ಗಂಗಮ್ಮನಿಗೆ ಹರಕೆ ಹೊತ್ತರಂತೆ. ಇವರಿಬ್ಬರೂ ಉಳಿದರೆ, ಇರುವಷ್ಟು ಕಾಲ ಇಬ್ಬರೂ ಸೇರಿ ಅಕ್ಕಿ ಕುಟ್ಟಿ, ಒಂದೇ ದೀಪ ಮಾಡಿ ನಿನಗೆ ಬೆಳಗುತ್ತಾರೆ ಎಂದು. ಉಳಿದರು. ಅಂದಿನಿಂದ ಸಂಕ್ರಾಂತಿಗೆ ಮುಂಚಿನ ಗುರುವಾರ ಮಡಿಯುಟ್ಟು, ಉಪವಾಸವಿದ್ದು, ಒಂದೇ ಒರಳಿಗೆ ಎರಡು ಒನಕೆ. ಮದುವೆಯಾಗಿ ಹೋದ ಮೇಲೂ ತಪ್ಪಲಿಲ್ಲ. ಶುಕ್ರವಾರ ಬೆಳಗ್ಗೆ ಆ ಹಿಟ್ಟಿಗೆ ಬೆಲ್ಲ ತುಪ್ಪ ಕಲಸಿ, ನಡುವೆ ಕುಳಿ ಮಾಡಿ, ಬತ್ತಿ ಇಟ್ಟು, ಆವನಿಯ ಹತ್ತಿರದ ಗಂಗಮ್ಮನ ಗುಡಿಗೆ ಒಯ್ಯುವುದು.

ಕುಟ್ಟುವಾಗ ಯಾರೂ ಮಾತಾಡಬಾರದು. ದೇವರ ಹಿಟ್ಟಿಗೆ ಎಂಜಲು ಸಿಡಿಯಬಾರದು ಎಂದು. ವದಿನಮ್ಮನಂಥವರು ವರ್ಷದಲ್ಲಿ ಒಂದು ಗಂಟೆ ಬಾಯಿ ಮುಚ್ಚಿಕೊಂಡಿರುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ. ವದಿನಮ್ಮನ ಒನಕೆಯ ತುದಿಗೆ ಕಬ್ಬಿಣದ ಬಳೆ ಇತ್ತು, ಒರಳಿಗೆ ಬಿದ್ದರೆ ಟಣ್ ಅನ್ನುತ್ತಿತ್ತು. ಚಿನ್ನಕ್ಕನದು ಬಳೆ ಕಳಚಿಹೋದ ಹಳೆಯ ಒನಕೆ, ದೊಪ್ ಅನ್ನುತ್ತಿತ್ತು. ಟಣ್, ದೊಪ್, ಟಣ್, ದೊಪ್. ಒಬ್ಬರದು ಏಳುವಾಗ ಇನ್ನೊಬ್ಬರದು ಬೀಳಬೇಕು, ಒಂದಕ್ಕೊಂದು ತಾಗಬಾರದು. ಸೊಸೆಯಾದ ನನಗೆ ಅದರಲ್ಲಿ ಜಾಗವಿರಲಿಲ್ಲ. ಮದುವೆಯಾದ ಮೊದಲ ವರ್ಷ ಗೋಡೆಗೆ ಒರಗಿ ಪೆಚ್ಚಾಗಿ ನಿಂತಿದ್ದೆ. ಅತ್ತೆ ಮಾತಾಡುವಂತಿರಲಿಲ್ಲವಲ್ಲ, ಜರಡಿ ಎತ್ತಿಕೊಂಡು ಅದರ ಅಂಚಿಗೆ ಕೈಬಳೆಯಿಂದ ಎರಡು ಸಲ ತಟ್ಟಿದರು. ಟಕ್ ಟಕ್. ತಿರುಗಿ ನೋಡಿದೆ. ಜರಡಿಯನ್ನು ನನ್ನ ಕೈಗೆ ಕೊಟ್ಟರು. ಅಂದಿನಿಂದ ಹಿಟ್ಟು ಜರಡಿ ಹಿಡಿಯುವ ಕೆಲಸ ನನ್ನದು, ಆ ಟಕ್ ಟಕ್ ನನ್ನ ಹೆಸರು. ಅತ್ತೆ ಹೋದ ಮೇಲೆ ಒರಳು, ಒನಕೆ, ಜರಡಿ ಎಲ್ಲ ವದಿನಮ್ಮನ ಮನೆಗೆ ಬಂದವು. ಜರಡಿ ತಟ್ಟುವ ಕೆಲಸವೂ ಅವರಿಗೇ ಬಂತು.

ಮೂರು ವರ್ಷದ ಹಿಂದಿನ ಆ ಗುರುವಾರ ಚಿನ್ನಕ್ಕ ಹೊತ್ತಿಗೆ ಬರಲಿಲ್ಲ. ಅಕ್ಕಿ ನೆನೆದು, ಬಸಿದು, ಬಟ್ಟೆಯ ಮೇಲೆ ಆರುತ್ತಿತ್ತು. ಪೂರ್ತಿ ಒಣಗಿದರೆ ದೀಪ ಒಡೆಯುತ್ತದೆ. ನಾವಿಬ್ಬರೂ ಮಡಿಸೀರೆಯಲ್ಲಿ ಬಾಗಿಲು ನೋಡುತ್ತ ಕೂತಿದ್ದೆವು. ಗೂಡಿನಲ್ಲಿದ್ದ ವದಿನಮ್ಮನ ಫೋನು ಟಿಣ್ ಅಂದಿತು. ಅವರಿಗೆ ಕೇಳಿಸಿತು, ನನಗೂ ಕೇಳಿಸಿತು. ಆದರೆ ಅದಕ್ಕೆ ಚರ್ಮದ ಕವರು. ಮಡಿಯಲ್ಲಿ ಚರ್ಮ ಮುಟ್ಟಿದರೆ ಮತ್ತೆ ತಲೆಗೆ ನೀರು ಹಾಕಿಕೊಳ್ಳಬೇಕು. ಅವರ ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ನಾವು ಮತ್ತೆ ಬಾಗಿಲ ಕಡೆಗೇ ತಿರುಗಿದೆವು. ಕೊನೆಗೆ ವದಿನಮ್ಮ ಒಬ್ಬರೇ ಎದ್ದು ಒನಕೆ ಹಿಡಿದರು.

ಹಿಟ್ಟು ಮುಗಿಯುವ ಹೊತ್ತಿಗೆ ಚಿನ್ನಕ್ಕ ಬಂದರು. ಒದ್ದೆ ತಲೆ, ಚೀಲದಲ್ಲಿ ಮಡಿಸೀರೆ. ಹೊಸ್ತಿಲಲ್ಲಿ ನಿಂತು ಒರಳನ್ನು ನೋಡಿದರು.

“ನನ್ನ ಬಿಟ್ಟು ಕುಟ್ಟಿಬಿಟ್ಯಾ ಅಕ್ಕಾ?”

ವದಿನಮ್ಮ ಹಸಿದಿದ್ದರು, ತೋಳು ಸೋತಿತ್ತು. “ಮಹಾರಾಣಿ ಬರೋವರ್ಗೂ ದೇವರು ಕಾಯ್ಕೊಂಡಿರ್ಬೇಕಿತ್ತಾ?” ಅಂದರು.

ಚಿನ್ನಕ್ಕ ಬಂದ ದಾರಿಗೇ ತಿರುಗಿದರು. ನಾನು ಬೀದಿಯ ತಿರುವಿನವರೆಗೂ ಓಡಿದೆ. ನಿಲ್ಲಲಿಲ್ಲ.

ಮರುದಿನ ಗುಡಿಯಲ್ಲಿ ದೀಪ ಇಟ್ಟು, ಸಂಜೆ ನಾನು ಮಾಲೂರಿಗೆ ಬಂದಿಳಿಯುವ ಹೊತ್ತಿಗೆ ಆ ನಾಲ್ಕು ನಿಮಿಷದ ಮೆಸೇಜು ಬಂದಿತ್ತು. “ಅಮ್ಮಾಯಿ, ಇದು ನಾನು. ಮಡಿ ಬಿಟ್ಟು ಈಗ ಫೋನ್ ತೆಗೆದ್ನಮ್ಮಾ. ಅವಳು ನಿನ್ನೆನೇ ಕಳ್ಸಿದ್ದಾಳೆ ಕಣೇ. ಬಸ್ಸು ಕೆಟ್ಟು ನಿಂತೋಯ್ತು ಅಕ್ಕಾ, ನಾನು ಬರೋವರ್ಗೂ ಒನಕೆ ಮುಟ್ಬೇಡ ಅಂತ. ಆ ಟಿಣ್ ಅಂದಿದ್ದು ಅದೇ. ಕುಟ್ಟೋ ಹೊತ್ತಲ್ಲಿ ಫೋನ್ ಮಾಡಿದ್ರೆ ನಾನು ಎತ್ತಲ್ಲ ಅಂತ ಗೊತ್ತು ಅವಳಿಗೆ, ಅದಕ್ಕೇ ಇದನ್ನ ಕಳ್ಸಿದ್ದಾಳೆ. ನಾನು ಕೇಳ್ಲಿಲ್ವಲ್ಲೇ.” ಆಮೇಲೆ ಬಹಳ ಹೊತ್ತು ಮೂಗು ಏರಿಸಿಕೊಳ್ಳುವ ಸದ್ದು. ಆಮೇಲೆ ಸಿಟ್ಟು. ತಂಗಿ ಹೊಸ್ತಿಲಲ್ಲಿ ನಿಂತು, ಯಾಕಕ್ಕ ಕಾಯಲಿಲ್ಲ, ನನ್ನ ಮೆಸೇಜು ಬರಲಿಲ್ಲವೇ ಎಂದು ಒಂದು ಮಾತು ಕೇಳಬಹುದಿತ್ತು. ಅಕ್ಕ ಮೆಸೇಜು ಕೇಳಿಯೂ ಕಾಯಲಿಲ್ಲ ಎಂದು ತಾನೇ ತೀರ್ಮಾನ ಮಾಡಿ ತಿರುಗಿಹೋದವಳಿಗೆ ತಾನು ಯಾಕೆ ಸಮಜಾಯಿಷಿ ಕೊಡಬೇಕು. ಕೊನೆಗೆ, “ಅವಳಾಗಿ ಕೇಳೋವರ್ಗೂ ನೀನು ಹೇಳ್ಬೇಡ. ಇದನ್ನ ಕೇಳಿಸ್ಲೂ ಬೇಡ. ಗಂಗಮ್ಮನ ಆಣೆ ಅಮ್ಮಾಯಿ. ಇಡ್ತೀನಿ, ಕೈ ನೋಯುತ್ತೆ.”

ಆಣೆ ಹಾಕಿಬಿಟ್ಟರು, ನೋಡಿ. ನಾನು ದೇವರಿಗೆ ಹೆದರುವ ಹೆಂಗಸು. ಸಿಕ್ಕಿಕೊಂಡೆ.

ಆಮೇಲಿನ ಮೂರು ವರ್ಷ ಅವರಿಬ್ಬರೂ ಮಾತಾಡಿದ್ದೆಲ್ಲ ನನ್ನ ಮೂಲಕ. ವದಿನಮ್ಮ ಮೂರು ನಿಮಿಷ ಮಾವಿನ ಹೂವಿನ ವಿಷಯ ಹೇಳಿ, ಕೊನೆಯಲ್ಲಿ ಮರೆತವರಂತೆ, “ಆ ಮುಳಬಾಗಿಲು ಮಹಾರಾಣಿಗೆ ಮಂಡಿನೋವು ವಾಸಿ ಆಯ್ತಂತಾ?” ಅನ್ನುತ್ತಿದ್ದರು. ಚಿನ್ನಕ್ಕನ ಮೆಸೇಜು ಅರ್ಧ ನಿಮಿಷ ದಾಟುತ್ತಿರಲಿಲ್ಲ. “ಶ್ರೀನಿವಾಸಪುರದವರು ಹೇಗವ್ರೆ? ಸುಮ್ನೆ ಕೇಳ್ದೆ.” ಅಕ್ಕ ಎಂಬ ಮಾತು ಬಾಯಿಗೆ ಬರುತ್ತಿರಲಿಲ್ಲ. ಎರಡು ಕಡೆಯ ಮೆಸೇಜುಗಳನ್ನೂ ಡಬ್ಬಿಯಲ್ಲಿ ಒಂದರ ಪಕ್ಕ ಒಂದು ಇಡುತ್ತಿದ್ದೆ. ಅಲ್ಲಾದರೂ ಹತ್ತಿರ ಇರಲಿ ಎಂದು. ಸಂಕ್ರಾಂತಿ ಬಂದರೆ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಬೇರೆ ಬೇರೆ ದೀಪ ಒಯ್ದು ಗುಡಿಯಲ್ಲಿಟ್ಟು ಬರುತ್ತಿದ್ದರು. ಹಿಟ್ಟು ಮಿಲ್ಲಿನದು. “ಜರಡಿ ಬೇಕಾಗಿಲ್ಲ ಅಮ್ಮಾಯಿ, ನೀನು ಯಾಕೆ ಅಲ್ಲಿಂದ ಬಂದು ಕಷ್ಟ ಪಡ್ತೀಯ” ಎಂದರು ವದಿನಮ್ಮ. ನನಗೆ ಕಷ್ಟ ತಪ್ಪಿತು. ನನ್ನ ಹೆಸರೂ ತಪ್ಪಿತು.

ಎಷ್ಟು ಸಲ ಆ ದೇವರಮನೆ ಬಾಗಿಲಿನ ಚಿತ್ರದ ಮುಂದೆ ಬೆರಳು ಹಿಡಿದುಕೊಂಡು ಕೂತಿದ್ದೇನೋ. ಎರಡು ಸಲ ಒತ್ತಿದರೆ ಅದು ಚಿನ್ನಕ್ಕನಿಗೆ ಹೋಗುತ್ತದೆ. ಆಣೆ ನೆನಪಾಗಿ ಬೆರಳು ಹಿಂದಕ್ಕೆ. ಅಂದು ಗೂಡಿನಲ್ಲಿ ಟಿಣ್ ಅಂದಾಗ ನಾನಾದರೂ ಆ ಫೋನು ಮುಟ್ಟಬಹುದಿತ್ತು. ತಲೆಗೆ ಇನ್ನೊಂದು ಚೊಂಬು ನೀರು ಹಾಕಿಕೊಂಡಿದ್ದರೆ ಆಗುತ್ತಿತ್ತು. ಚಳಿಗೆ ಹೆದರಿದೆನೋ, ಮಡಿಗೆ ಹೆದರಿದೆನೋ, ಈಗ ಹೇಳಲಾರೆ.

ಈ ವರ್ಷ ಗಡ್ಡೆ ಬಂತು. ಕೆಟ್ಟ ಗಡ್ಡೆ ಅಲ್ಲ ಅಂದರು, ಅದು ಮೊದಲ ಪುಣ್ಯ. ಆಪರೇಷನ್ನಿನ ಹೊತ್ತಿಗೆ ಕೋಲಾರದ ಆಸ್ಪತ್ರೆಯಲ್ಲಿ ನಾನು ನಾಲ್ಕು ದಿನ ಇದ್ದೆ. ಚಿನ್ನಕ್ಕ ಬರಲಿಲ್ಲ. ಅರ್ಧ ನಿಮಿಷದ ಮೆಸೇಜು ಮಾತ್ರ ದಿನಕ್ಕೆ ಹತ್ತು ಬಂದವು. ಎಚ್ಚರವಾದಾಗ ವದಿನಮ್ಮ ನನ್ನನ್ನು ನೋಡಿ ಬಾಯಿ ತೆರೆದರು. ಅಮ್ಮಾಯಿ ಅಂದರು ಎಂದು ತುಟಿ ನೋಡಿ ತಿಳಿಯಿತು. ಕಿವಿಗೆ ಏನೂ ಬರಲಿಲ್ಲ. ದನಿಯ ನರ ದಣಿದಿದೆ, ಎರಡು ತಿಂಗಳಾಗಬಹುದು, ಮೂರಾಗಬಹುದು, ಬಂದರೂ ಮೊದಲಿನ ಹಾಗೇ ಇರುತ್ತದೆ ಎನ್ನಲಾಗದು ಎಂದರು ಡಾಕ್ಟರು.

ಮನೆಗೆ ಬಂದ ಮೇಲೆ ನನ್ನ ಕಿಟಕಿ ಮೂಕವಾಯಿತು. ಪಾತ್ರೆ ಉಜ್ಜುತ್ತ ಹಳೆಯ ಮೆಸೇಜುಗಳನ್ನೇ ಹಾಕಿಕೊಳ್ಳುತ್ತಿದ್ದೆ. ಜಾಡಿ, ಬೆಲ್ಲದ ಅಚ್ಚು, ಮೆಣಸಿನಕಾಯಿ. ಒಂದು ದಿನ ಕೈ ತಾನಾಗಿ ಆ ಮುಚ್ಚಿದ ಬಾಗಿಲನ್ನು ಮುಟ್ಟಿತು. ಅವಳಾಗಿ ಕೇಳುವವರೆಗೂ ಹೇಳಬೇಡ ಎಂಬ ಆ ಮಾತು ಬಂದಾಗ ನಲ್ಲಿ ನಿಲ್ಲಿಸಿ ನಿಂತುಕೊಂಡೆ. ಈಗ ಚಿನ್ನಕ್ಕ ತಾವಾಗಿ ಬಂದು ಕೇಳಿದರೂ ಹೇಳಲು ವದಿನಮ್ಮನಿಗೆ ದನಿ ಇಲ್ಲ. ಆಣೆ ಬಿಟ್ಟೆ ಹೋಗು ಎಂದು ನನಗೆ ಹೇಳಲೂ ಇಲ್ಲ. ಬರೆದು ತೋರಿಸೋಣವೆಂದರೆ ಅಕ್ಷರ ಇಲ್ಲ. ಲೋಕದಲ್ಲಿ ಆ ಮಾತು ಇರುವುದು ಒಂದೇ ಕಡೆ, ನನ್ನ ಡಬ್ಬಿಯಲ್ಲಿ.

ಗಂಗಮ್ಮನ ಆಣೆಯನ್ನು ಗಂಗಮ್ಮನೇ ಬಿಡಿಸಬೇಕು. ಮರುದಿನ ತಲೆಗೆ ಸ್ನಾನ ಮಾಡಿ, ಕಳಸ ಇಟ್ಟು, ತೆಂಗಿನಕಾಯಿಯ ಎರಡು ಪಕ್ಕಕ್ಕೂ ಸೇವಂತಿಗೆ ಸಿಕ್ಕಿಸಿ ಹೂ ಕೇಳಲು ಕೂತೆ. ಬಲಗಡೆಯ ಹೂ ಬಿದ್ದರೆ ಅಪ್ಪಣೆ. ಎಡಗಡೆಯದು ಬಿದ್ದರೆ ಬೇಡ ಎಂದು ಅರ್ಥ. ಬಹಳ ಹೊತ್ತು ಕೂತೆ. ಎರಡೂ ಬೀಳಲಿಲ್ಲ. ಕುಕ್ಕರು ಕೂಗಿತು, ಹೋಗಿ ಇಳಿಸಿ ಬಂದೆ. ಆಗಲೂ ಬಿದ್ದಿರಲಿಲ್ಲ. ಎರಡನೆಯ ಸಲ ಹೊಸ ಹೂವಿಟ್ಟೆ. ಎಡಗಡೆಯದು ಅಲ್ಲಾಡಿದ ಹಾಗಾಯಿತು, ಕಣ್ಣು ಮುಚ್ಚಿಕೊಂಡೆ. ಮೂರನೆಯ ಸಲ, ಯಾರ ಹತ್ತಿರ ಮುಚ್ಚಿಟ್ಟು ಏನಾಗಬೇಕು, ಬಲಗಡೆಯ ಹೂವನ್ನು ಸ್ವಲ್ಪ ಸಡಿಲವಾಗಿಯೇ ಇಟ್ಟೆ.

ಬಿತ್ತು.

ಬಿದ್ದ ಹೂವನ್ನು ಕಣ್ಣಿಗೊತ್ತಿಕೊಂಡು, ತಾಯೀ, ನಿನಗೆ ಗೊತ್ತು, ನನಗೂ ಗೊತ್ತು, ಎಂದೆ. ಮನಸ್ಸು ಬದಲಾಗುವ ಮೊದಲು ಆ ನಾಲ್ಕು ನಿಮಿಷವನ್ನು ಚಿನ್ನಕ್ಕನಿಗೆ ಕಳಿಸಿದೆ. ಮಧ್ಯಾಹ್ನ ನೋಡಿದರೆ ಮೈಕಿನ ಚಿತ್ರ ನೀಲಿಯಾಗಿತ್ತು. ಅಂದರೆ ಕೇಳಿದ್ದಾರೆ. ಉತ್ತರ ಇಲ್ಲ. ಮರುದಿನವೂ ಇಲ್ಲ. ಎಂಟು ದಿನ ಆ ಅರ್ಧ ನಿಮಿಷದ, ಸುಮ್ಮನೆ ಕೇಳಿದೆ ಎನ್ನುವ ಮೆಸೇಜು ಕೂಡ ಬರಲಿಲ್ಲ. ಇಬ್ಬರನ್ನೂ ಸೇರಿಸಲು ಹೋಗಿ ಇಬ್ಬರನ್ನೂ ಕಳೆದುಕೊಂಡೆನೇನೋ ಅನ್ನಿಸಿತು. ಸಂಜೆಯ ಎಣಿಕೆ ಎರಡಕ್ಕೇ ನಿಲ್ಲತೊಡಗಿತು.

ಹೀಗಿರುವಾಗ ಇವತ್ತು, ಸಂಕ್ರಾಂತಿಗೆ ಮುಂಚಿನ ಗುರುವಾರ, ಈ ನಲವತ್ತೇಳು ಸೆಕೆಂಡು. ಕವರಿನ ಒಳಗಿಂದ ವದಿನಮ್ಮ ಗಾಳಿಯ ದನಿಯಲ್ಲೇ ನನ್ನನ್ನು ಬೈಯುತ್ತಿದ್ದಾರೆಯೇ? ಆಣೆ ಮುರಿದವಳೇ ಎಂದು? ಬೈದು ಬೈದು ಗಂಟಲು ಇನ್ನಷ್ಟು ಕೆಡಿಸಿಕೊಂಡರೆ ಆ ಪಾಪ ಯಾರದು? ಕಾಳಿನ ಮೇಲೆ ಕಾಳು ಹಿದುಕಿದೆ. ಒಂದೆರಡು ಬೇಳೆ ಬೋಗುಣಿ ತಪ್ಪಿ ಅಂಗಳಕ್ಕೆ ಹಾರಿದವು. ಕಡೆಗೆ, ಬೈದರೂ ಅವರ ಬೈಗುಳವೇ ತಾನೇ, ಏಳು ವಾರದಿಂದ ಅದಕ್ಕೂ ಗತಿ ಇರಲಿಲ್ಲ ಎಂದುಕೊಂಡು ಎದ್ದೆ. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಒತ್ತಿದೆ.

ಮೊದಲು ಏನೂ ಇಲ್ಲ. ಅಮ್ಮಾಯಿ, ಇದು ನಾನು ಎಂಬುದು ಇಲ್ಲ. ದೂರದಲ್ಲಿ ಒಂದು ಕೋಳಿ. ಸೀರೆಯ ಸರಬರ. ಆಮೇಲೆ,

ಟಣ್.

ಒಂದು ಉಸಿರಿನಷ್ಟು ಹೊತ್ತು. ಒಬ್ಬರೇ ಕುಟ್ಟುತ್ತಿದ್ದರೆ ಇನ್ನೊಂದು ಟಣ್ ಬರಬೇಕು.

ದೊಪ್.

ಟಣ್, ದೊಪ್. ಟಣ್, ದೊಪ್. ಮೊದಮೊದಲು ಹೊಂದಲಿಲ್ಲ. ಒಂದು ಸಲ ಮರಕ್ಕೆ ಮರ ತಾಗಿದ ಸದ್ದಾಯಿತು, ನಿಂತಿತು. ಯಾರೂ ಮಾತಾಡಲಿಲ್ಲ. ಮತ್ತೆ ಶುರುವಾಯಿತು. ಆಮೇಲೆ ಸರಿಹೋಯಿತು, ನಡುವೆ ಬಿಡುವೇ ಇಲ್ಲದ ಹಾಗೆ, ಅತ್ತೆ ಇದ್ದಾಗಿನ ಹಾಗೆ. ನಾನು ಕಿಟಕಿಯ ಸರಳು ಹಿಡಿದುಕೊಂಡು ನಿಂತೆ.

ಕೊನೆಯ ಏಳೆಂಟು ಸೆಕೆಂಡು ಒನಕೆಗಳು ನಿಂತವು. ಹತ್ತಿರ ಬರುವ ಬಳೆಗಳ ಸದ್ದು. ಆಮೇಲೆ ಫೋನಿಗೆ ತೀರ ಹತ್ತಿರದಲ್ಲಿ, ಮರದ ಅಂಚಿಗೆ ಬಳೆ ತಟ್ಟಿದ್ದು. ಟಕ್ ಟಕ್. ತಡೆದು ಇನ್ನೊಂದು ಸಲ, ಮೊದಲ ಸಲ ನನಗೆ ಕೇಳಿಸಲಿಲ್ಲವೇನೋ ಎಂಬಂತೆ, ಟಕ್ ಟಕ್.

ಎರಡನೆಯ ಸಲ ಕೇಳುವಾಗ ಇನ್ನೊಂದು ಹೊಳೆಯಿತು. ಈ ಹೊತ್ತಿನಲ್ಲಿ ಆ ಮನೆಯಲ್ಲಿ ಬೇರೆ ಯಾರೂ ಇರುವುದಿಲ್ಲ, ಮಗ ಸೊಸೆ ಕೆಲಸಕ್ಕೆ ಹೋಗಿರುತ್ತಾರೆ. ಈ ಮೈಕಿನ ಚಿತ್ರವನ್ನು ಒತ್ತಿ, ಕೈ ಬಿಟ್ಟರೂ ನಿಲ್ಲದ ಹಾಗೆ ಮೇಲಕ್ಕೆ ಜಾರಿಸಿ, ಒರಳಿನ ಬಳಿ ಇಟ್ಟವರು ಅವರಿಬ್ಬರಲ್ಲೇ ಒಬ್ಬರು. ಮಡಿಸೀರೆಯಲ್ಲೇ. ಚರ್ಮದ ಕವರಿನ ಫೋನನ್ನು ಮುಟ್ಟಿ. ಆಮೇಲೆ ತಲೆಗೆ ನೀರು ಹಾಕಿಕೊಂಡು ಮತ್ತೆ ಮಡಿಯಾದರೋ, ಇಲ್ಲ ಗಂಗಮ್ಮ ನೋಡಿಕೊಳ್ಳುತ್ತಾಳೆ ಎಂದು ಬಿಟ್ಟರೋ, ಹೋದ ಮೇಲೆ ಕೇಳಬೇಕು. ಕೇಳಿದರೆ ಚಿನ್ನಕ್ಕ ಹೇಳಿಯಾರು. ನಾನು ಸಡಿಲವಾಗಿ ಹೂವಿಟ್ಟ ವಿಷಯವನ್ನೂ ಆಗ ಒಪ್ಪಿಕೊಳ್ಳಬೇಕು.

ಮೆಸೇಜನ್ನು ಡಬ್ಬಿಗೆ ಕಳಿಸಿಕೊಂಡೆ. ಗುರುತಿಗೆ ಯಾವ ಫೋಟೋ ಹಾಕಲಿ ಎಂದು ಅಡುಗೆಮನೆಯೆಲ್ಲ ಒಂದು ಸಲ ನೋಡಿದೆ. ಬೇಡ ಅನ್ನಿಸಿತು. ಮಾತಿಲ್ಲದ ಮೆಸೇಜು ಡಬ್ಬಿಯಲ್ಲಿ ಇದೊಂದೇ, ಹುಡುಕಬೇಕಾಗಿಲ್ಲ. ಆ ಮುಚ್ಚಿದ ಬಾಗಿಲಿನ ಫೋಟೋವನ್ನು ಮಾತ್ರ ಅಳಿಸಿ, ದೇವರಮನೆಯ ಬಾಗಿಲು ತೆರೆದು ಇನ್ನೊಂದು ಫೋಟೋ ತೆಗೆದು ಸೇರಿಸಿದೆ. ಕಳಸದ ಹೂವು ಬಾಡಿತ್ತು, ಇರಲಿ.

ವದಿನಮ್ಮನಿಗೆ ಉತ್ತರ ಹೇಳಬೇಕಲ್ಲ. ಮೈಕಿನ ಚಿತ್ರ ಒತ್ತಿದೆ. ಬೋಗುಣಿಯ ಅಂಚಿಗೆ ಕೈಬಳೆಯಿಂದ ಎರಡು ಸಲ ತಟ್ಟಿ ಬಿಟ್ಟೆ.

ಕೋಲಾರದ ಬಸ್ಸು ಎರಡು ಗಂಟೆಗೆ. ಅಲ್ಲಿಂದ ಶ್ರೀನಿವಾಸಪುರದ ಬಸ್ಸು ಸಿಕ್ಕರೆ ಬೆಳಕಿರುವಾಗಲೇ ಮುಟ್ಟಬಹುದು. ಅಲ್ಲಿಯವರೆಗೂ ಹಿಟ್ಟು ಒದ್ದೆ ಬಟ್ಟೆಯ ಕೆಳಗೆ ಕಾಯುತ್ತಿರುತ್ತದೆ. ಇವರಿಗೆ ಸಾರು ಮಾಡಿಟ್ಟು, ಒಂದು ಪಾಲು ಬೇಳೆ ಅಲ್ಲಿಗೂ ಒಯ್ಯಬೇಕು. ಉಪವಾಸ ಬಿಟ್ಟ ಮೇಲೆ ಇಬ್ಬರಿಗೂ ಹಿದುಕಿದ ಬೇಳೆ ಸಾರೆಂದರೆ ಪ್ರಾಣ. ಮೆಟ್ಟಿಲಿನ ಬಿಸಿಲು ಒಂದು ಗೇಣು ಸರಿದಿತ್ತು. ಬೋಗುಣಿಯನ್ನು ಅದರ ಹಿಂದೆಯೇ ಸರಿಸಿಕೊಂಡು ಕೂತು, ಉಳಿದರ್ಧ ಅವರೆಗೆ ಕೈ ಹಾಕಿದೆ.